ತಕರಾರು ವಹಿ

ಆ ಮಳೆಗಾಲದ ಕಥೆ ಹೇಳ್ರಿ ಅಂತ ಮನೆಗೆ ಬಂದ ಹುಡುಗರು ಈಗಲೂ ಕೇಳುತ್ತಾರೆ. ಬಹುತೇಕರು ಯಾವುದೋ ಒಂದು ಪರೀಕ್ಷೆ ಕಟ್ಟಿದವರು. ಅವರಿಗೆ ನಿಜವಾಗಿ ಬೇಕಾದದ್ದು ಕಥೆಯಲ್ಲ, ‘ಯಾವ ಆ್ಯಪ್ ರಿ ಸರ್?’ ಅನ್ನುವುದಕ್ಕೆ ಉತ್ತರ. ನಾನು ಆ್ಯಪಿನ ಹೆಸರು ಹೇಳದೆ ಕಥೆಯನ್ನೇ ಹೇಳುತ್ತೇನೆ. ಅರ್ಧ ಜನ ಚಾ ಕುಡಿದು ಎದ್ದು ಹೋಗುತ್ತಾರೆ. ಉಳಿದವರಿಗಾಗಿ ಇದು.

2024ರಲ್ಲಿ ಕಂದಾಯ ಇಲಾಖೆ 1000 ಗ್ರಾಮ ಆಡಳಿತಾಧಿಕಾರಿ ಹುದ್ದೆಗೆ ಅರ್ಜಿ ಕರೆದಿತ್ತು. ನಮ್ಮ ಕಡೆ ಅದು ಇವತ್ತಿಗೂ ತಲಾಟಿ ನೌಕರಿಯೇ. ಪಿಯುಸಿ ಆಗಿದ್ದರೆ ಸಾಕು. ಮೊದಲೆಲ್ಲ ಪಿಯುಸಿ ಅಂಕ ನೋಡಿ ಆರಿಸುತ್ತಿದ್ದರು. ಈ ಸಲ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಎಲ್ಲರ ಬಾಯಲ್ಲಿ ಕೆಇಎ, ಪರೀಕ್ಷೆ ನಡೆಸುತ್ತದೆ ಅಂತಾಯಿತು. ತಲಾ ನೂರು ಅಂಕದ ಎರಡು ಪತ್ರಿಕೆ. ಒಂದು ಸಾಮಾನ್ಯ ಜ್ಞಾನ. ಇನ್ನೊಂದು ಕನ್ನಡ, ಇಂಗ್ಲಿಷ್, ಕಂಪ್ಯೂಟರ್ ಮೂರೂ ಸೇರಿದ್ದು. ತಪ್ಪು ಉತ್ತರಕ್ಕೆ ಕಾಲು ಅಂಕ ಕಟ್. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಆ ವರ್ಷ ನಮ್ಮ ಯಾದಗಿರಿ ಜಿಲ್ಲೆ ರಾಜ್ಯಕ್ಕೇ ಕೊನೆ. ಇಂಥ ಜಿಲ್ಲೆಯ ಹುಡುಗರಿಗೆ ಹಳೆಯ ಅಂಕಪಟ್ಟಿಯ ಹಂಗಿಲ್ಲದೆ ಹೊಸದಾಗಿ ಕೂತು ಬರೆಯುವ ಅವಕಾಶ ಸಣ್ಣದಲ್ಲ.

ರಂಗಂಪೇಟೆಯಲ್ಲಿರುವ ನನ್ನ ಅಕ್ಕನ ಮಗಳೂ ಅರ್ಜಿ ಹಾಕಿದಳು. ಸುರಪುರಕ್ಕೆ ಅಂಟಿಕೊಂಡೇ ಇರುವ ನೇಕಾರರ ಊರು ಅದು. ಕೈಯಲ್ಲಿ ರೊಕ್ಕ ಇದ್ದವರು ಕೋಚಿಂಗಿಗೆ ಧಾರವಾಡಕ್ಕೆ ಹೋಗುತ್ತಾರೆ. ಇವಳ ಹತ್ತಿರ ಇದ್ದದ್ದು ಅಣ್ಣನ ಹಳೆಯ ಫೋನು. ರಾತ್ರಿ ಮನೆಮಂದಿ ಮಲಗಿದ ಮೇಲೆ ಅದರಲ್ಲಿ ಟೆಸ್ಟು ಬರೆಯುತ್ತಿದ್ದಳು. ಒಂದು ದಿನ ಮುಖ ಅರಳಿಸಿಕೊಂಡು ಬಂದಳು.

“ಮಾಮಾ, ಎಂಬತ್ನಾಕು ಬಂತು ನೋಡ್ರಿ. ಇಡೀ ಆ್ಯಪಿನ್ಯಾಗ ನನ್ನ ರ್‍ಯಾಂಕ್ ಮ್ಯಾಲ ಬಂದದ.”

“ಈ ಟೆಸ್ಟು ಮೊದಲು ಮಾಡಿದ್ದೇನು?”

“ಮೂರ್ನಾಕು ಸಲ ಆಗಿರಬೇಕ್ರಿ.”

ನಾನು ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಟ್ಟು ನಿವೃತ್ತನಾದವನು. ಅನುಮಾನ ನನ್ನ ಉದ್ಯೋಗದ ರೋಗ. ಫೋನು ಇಸಿದುಕೊಂಡು, ಅದೇ ಟೆಸ್ಟಿನ ಪ್ರಶ್ನೆಗಳನ್ನು ಆಯ್ಕೆ ಓದದೆ, ಹಿಂದುಮುಂದು ಮಾಡಿ ಕೇಳಿದೆ. ಅರ್ಧಕ್ಕರ್ಧ ನಿಂತುಹೋದವು. ಒಂದು ಪ್ರಶ್ನೆಗಂತೂ “ಅದು ಬಿ ರಿ” ಅಂದಳು. ಬಿ ಅಂದರೆ ಏನು ಅಂತ ಕೇಳಿದರೆ ಗೊತ್ತಿಲ್ಲ. ಆ್ಯಪಿನವರ ಹತ್ತಿರ ಇದ್ದ ಪ್ರಶ್ನೆಗಳ ರಾಶಿಯೇ ಸಣ್ಣದು, ಅವನ್ನೇ ತಿರುತಿರುಗಿಸಿ ಕೊಡುತ್ತಿದ್ದರು. ಹುಡುಗಿಗೆ ವಿಷಯ ಬಂದಿರಲಿಲ್ಲ, ಪ್ರಶ್ನೆಯ ಮುಖಪರಿಚಯ ಆಗಿತ್ತು ಅಷ್ಟೆ.

ಶಹಾಪುರದಲ್ಲಿ ನನ್ನ ಹಳೆಯ ಗೆಳೆಯರೊಬ್ಬರಿದ್ದಾರೆ, ಅವರೂ ಮಾಸ್ತರಿಕೆ ಮಾಡಿದವರೇ. ಅವರ ಓಣಿಯ ಒಬ್ಬ ಹುಡುಗ ಹತ್ತಿ ವ್ಯಾಪಾರಿಯ ಹತ್ತಿರ ಲೆಕ್ಕ ಬರೆಯುತ್ತ ಇದೇ ಪರೀಕ್ಷೆಗೆ ಓದುತ್ತಿದ್ದ. ಅವನ ಸ್ನೇಹಿತ ಇನ್ನೊಬ್ಬ, ಯಾದಗಿರಿ ಸ್ಟೇಷನ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದವ. ಅವನ ಮನಸ್ಸೆಲ್ಲ ರೈಲ್ವೆ ಪರೀಕ್ಷೆಯ ಮೇಲೆ, ಇದು ಕೈಗೆ ಸಿಕ್ಕರೆ ಇರಲಿ ಅಂತ ಅರ್ಜಿ ಹಾಕಿದ್ದ. ಸುರಪುರಕ್ಕೂ ಯಾದಗಿರಿಗೂ ಶಹಾಪುರ ನಡುವಿನ ಊರು. ಭಾನುವಾರ ಮೂವರೂ ಗೆಳೆಯರ ಪಡಸಾಲೆಯಲ್ಲಿ ಸೇರುವುದು ಅಂತ ಗೊತ್ತುಮಾಡಿದೆವು. ಬಸ್ಸಿನಲ್ಲಿ ಸೊಸೆಗೆ ಶೂನ್ಯ ಟಿಕೆಟ್, ನನಗೆ ಪೂರ್ತಿ. ಹೆಣ್ಣುಮಕ್ಕಳಿಗೆ ಬಿಟ್ಟಿ ಬಸ್ಸಿನ ಶಕ್ತಿ ಯೋಜನೆ ಬಂದಾಗಿನಿಂದ ಅವಳು ಇದನ್ನು ಆಡಿಕೊಂಡು ನಗದ ದಿನವಿಲ್ಲ.

ಮೊದಲ ಭಾನುವಾರ ಒಂದು ಹಳೆಯ ಪ್ರಶ್ನೆಪತ್ರಿಕೆ ಕೊಟ್ಟೆವು. ತಲಾಟಿ ಪರೀಕ್ಷೆಗೆ ಹಳೆಯ ಪತ್ರಿಕೆಯೇ ಇರಲಿಲ್ಲ, ಹಾಗಾಗಿ ಎಫ್‌ಡಿಎ ಪರೀಕ್ಷೆಯದನ್ನು ಜಾಲತಾಣದಿಂದ ಇಳಿಸಿ, ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಉತ್ತರದ ಗುಂಡು ತುಂಬುವ ಓಎಂಆರ್ ಹಾಳೆಯನ್ನೂ ತೆಗೆಸಿ, ಬಾಲ್‌ಪೆನ್ನು ಕೊಟ್ಟು ಎರಡು ತಾಸು ಕೂರಿಸಿದೆವು. ಫೋನಿನಲ್ಲಿ ಎಂಬತ್ತು ದಾಟಿದ್ದ ಸೊಸೆ ಇಲ್ಲಿ ಐವತ್ತೂ ಮುಟ್ಟಲಿಲ್ಲ. ಶಹಾಪುರದ ಹುಡುಗ ಕೊನೆಯ ಹತ್ತು ನಿಮಿಷದಲ್ಲಿ ಗುಂಡು ತುಂಬಲು ಕೂತು ಒಂದು ಸಾಲು ಕೆಳಗಿಳಿದ. ಅಲ್ಲಿಂದ ಮುಂದಿನವೆಲ್ಲ ಒಂದರ ಉತ್ತರ ಇನ್ನೊಂದಕ್ಕೆ. ಫೋನಿನಲ್ಲಿ ತಪ್ಪು ಒತ್ತಿದರೆ ಮತ್ತೊಮ್ಮೆ ಒತ್ತಬಹುದು. ಕರಿ ಶಾಯಿಯ ಗುಂಡು ಅಳಿಸುವಂತಿಲ್ಲ. ಒಂದೊಂದು ಗುಂಡು ತುಂಬಲು ಹಿಡಿಯುವ ಕ್ಷಣಗಳನ್ನು ನೂರರಿಂದ ಗುಣಿಸಿ ನೋಡಿದರೆ, ಎರಡು ತಾಸಿನಲ್ಲಿ ಒಂದು ದೊಡ್ಡ ತುಂಡು ಅದಕ್ಕೇ ಹೋಗುತ್ತದೆ. ಆ ದಿನದಿಂದ ಫೋನಿನಲ್ಲಿ ಬರುವ ಟೆಸ್ಟನ್ನೂ ಉತ್ತರ ಮಾತ್ರ ಹಾಳೆಯ ಮೇಲೆ ತುಂಬಿ ಬರೆಯುವುದು ಅಂತಾಯಿತು.

ಆಯ್ಕೆಗಳನ್ನು ಮುಚ್ಚುವ ಪದ್ಧತಿ ಸೊಸೆಯದೇ. ಹಳೆಯ ಮದುವೆ ಕಾರ್ಡೊಂದನ್ನು ಕತ್ತರಿಸಿ ಇಟ್ಟುಕೊಂಡಿದ್ದಳು. ಪ್ರಶ್ನೆ ಓದುವುದು, ಕಾರ್ಡಿನಿಂದ ನಾಲ್ಕೂ ಆಯ್ಕೆ ಮುಚ್ಚುವುದು, ಬಾಯಿಂದ ಉತ್ತರ ಹೇಳುವುದು, ಆಮೇಲೆ ಕಾರ್ಡು ಸರಿಸುವುದು. ಮೊದಮೊದಲು ಬಹಳ ತಡವಾಗುತ್ತಿತ್ತು, ಸಿಟ್ಟಿಗೇಳುತ್ತಿದ್ದಳು. ನಾನು ಅವಳಿಗೆ ಒಂದು ಪ್ರಯೋಗದ ಕಥೆ ಹೇಳಿದೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ್ದು ಅದು. ಒಂದೇ ಪಾಠವನ್ನು ಒಂದು ಗುಂಪು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದೇ ಸರದಿ ಓದಿ, ಉಳಿದ ಮೂರು ಸರದಿ ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಖಾಲಿ ಹಾಳೆಯ ಮೇಲೆ ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದಾಗ ಓದಿದವರ ನೆನಪಿನಲ್ಲಿ ಉಳಿದದ್ದು ಶೇ. 40ರಷ್ಟು, ಬರೆದವರಲ್ಲಿ ಶೇ. 61ರಷ್ಟು. ಅಲ್ಲಿ ಎ, ಬಿ, ಸಿ, ಡಿ ಇರಲಿಲ್ಲ ಅನ್ನುವುದು ಮುಖ್ಯ. ನಾಲ್ಕು ಆಯ್ಕೆ ಕಣ್ಣಮುಂದೆ ಇದ್ದರೆ ಮನಸ್ಸು ನೆನಪಿನ ಕೆಲಸ ಬಿಟ್ಟು ಗುರುತು ಹಿಡಿಯುವ ಕೆಲಸಕ್ಕೆ ಇಳಿಯುತ್ತದೆ.

“ಹಂಗಂದ್ರ ಆ್ಯಪೇ ಬ್ಯಾಡ ಅಂತೀರೇನ್ರಿ?” ಶಹಾಪುರದ ಹುಡುಗ ಕೇಳಿದ.

“ಆ್ಯಪ್ ಇರಲಿ, ಕಾರ್ಡು ಇಟ್ಕೊಳೋ” ಅಂದರು ಗೆಳೆಯರು.

ಇನ್ನು ವಹಿಯ ವಿಷಯ. ಅದು ಹುಟ್ಟಿದ್ದು ಒಂದು ಜಗಳದಿಂದ. ನಮ್ಮ ಭಾಗಕ್ಕೆ ವಿಶೇಷ ಅವಕಾಶ ಕೊಡುವ ಸಂವಿಧಾನದ 371(ಜೆ) ವಿಧಿ ಎಷ್ಟನೇ ತಿದ್ದುಪಡಿಯಿಂದ ಬಂತು ಅನ್ನುವ ಪ್ರಶ್ನೆ. ನಮ್ಮ ಭಾಗದ ಯಾವ ಟೆಸ್ಟಿನಲ್ಲೂ ಇದು ತಪ್ಪುವುದಿಲ್ಲ. ಸೊಸೆಯ ಆ್ಯಪಿನ ಕೀ ಆನ್ಸರ್ 118 ಅಂತ. ಯಾದಗಿರಿ ಹುಡುಗ ಸೇರಿದ್ದ ಟೆಲಿಗ್ರಾಂ ಗುಂಪಿನಲ್ಲಿ 98. ಇಬ್ಬರೂ ತಮ್ಮ ತಮ್ಮ ಫೋನು ಎತ್ತಿ ಹಿಡಿದು ಕೂಗಾಡಿದರು. ಗೆಳೆಯರ ಮನೆಯವರು ಮಂಡಾಳ ವಗ್ಗರಣಿ, ಮಿರ್ಚಿ ತಂದಿಟ್ಟರೂ ಯಾರೂ ಮುಟ್ಟಲಿಲ್ಲ. ಕೊನೆಗೆ ಕಾಯ್ದೆಯ ಪ್ರತಿಯನ್ನೇ ತೆಗೆದು ನೋಡಿದೆವು. ಸಂಸತ್ತಿಗೆ ಹೋದ ಮಸೂದೆ 118ನೆಯದು. ಅದು ಪಾಸಾಗಿ ಕಾಯ್ದೆಯಾದದ್ದು 98ನೇ ತಿದ್ದುಪಡಿ ಕಾಯ್ದೆ, 2012 ಅಂತ. ಎರಡೂ ಸಂಖ್ಯೆ ಎಲ್ಲಿಂದ ಬಂದವು ಅಂತ ತಿಳಿದ ಮೇಲೆ ಮೂವರಲ್ಲಿ ಒಬ್ಬರೂ ಅದನ್ನು ಮತ್ತೆ ಮರೆಯಲಿಲ್ಲ. ಕಾಯ್ದೆ ತೆಗೆದದ್ದರ ಜೊತೆಗೆ ಆ ವಿಧಿಯಡಿ ಬಂದ 2013ರ ಆದೇಶವನ್ನೂ ಓದಿದರು. ನಮ್ಮ ಭಾಗದ ಸಿ ಗುಂಪಿನ ಹುದ್ದೆಗಳಲ್ಲಿ ಶೇ. 80 ಇಲ್ಲಿಯವರಿಗೇ ಮೀಸಲು ಅಂತಿರುವುದು ಅದರಲ್ಲಿ. ತಾವು ಕಟ್ಟಿದ ಪರೀಕ್ಷೆಯ ಹುದ್ದೆಯೂ ಅದೇ ಗುಂಪಿನದು. ಅಲ್ಲಿಯವರೆಗೆ 371(ಜೆ) ಅವರಿಗೆ ಬರೀ ಒಂದು ಅಂಕದ ಪ್ರಶ್ನೆಯಾಗಿತ್ತು.

ಅವತ್ತೇ ಶಹಾಪುರದ ಹುಡುಗ ಅಂಗಡಿಯಿಂದ ಒಂದು ಉದ್ದನೆಯ ಲೆಕ್ಕದ ವಹಿ ತಂದ. ಮೇಲೆ ‘ತಕರಾರು ವಹಿ’ ಅಂತ ಬರೆದ. ಟೆಸ್ಟಿನಲ್ಲಿ ತಪ್ಪಾದ ಉತ್ತರವನ್ನು ಸುಮ್ಮನೆ ಒಪ್ಪಿಕೊಳ್ಳುವ ಹಾಗಿಲ್ಲ, ಸರಿಯಾದದ್ದನ್ನೂ ಹಾಗೆಯೇ ಬಿಡುವ ಹಾಗಿಲ್ಲ. ಅನುಮಾನ ಬಂದದ್ದಕ್ಕೆ ತಕರಾರು ಹಾಕಿ, ಎದುರಿಗೆ ಆಧಾರ ಬರೆಯಬೇಕು. ಆಧಾರ ಅಂದರೆ ಸರ್ಕಾರಿ ಪಠ್ಯಪುಸ್ತಕ, ಕಾಯ್ದೆ, ಇಲಾಖೆಯ ಆದೇಶ. ಇನ್ನೊಂದು ಆ್ಯಪ್ ಆಧಾರವಲ್ಲ. ಕೆಇಎ ಕೂಡ ಪರೀಕ್ಷೆ ಮುಗಿದ ಮೇಲೆ ತಾತ್ಕಾಲಿಕ ಕೀ ಆನ್ಸರ್ ಬಿಟ್ಟು, ಆಕ್ಷೇಪಣೆಗೆ ಆಧಾರ ಕೇಳುತ್ತದಲ್ಲ, ಅದೇ ನ್ಯಾಯ.

ವಹಿ ಬೇಗ ತುಂಬತೊಡಗಿತು. ಕರ್ನಾಟಕದ ಜಿಲ್ಲೆಗಳು 30 ಅನ್ನುವ ಟೆಸ್ಟು ಎಷ್ಟೋ ಕಡೆ ಇನ್ನೂ ಓಡಾಡುತ್ತಿತ್ತು. 2009ರ ಡಿಸೆಂಬರ್ 30ರಂದು ಅಸ್ತಿತ್ವಕ್ಕೆ ಬಂದ ನಮ್ಮ ಯಾದಗಿರಿ 30ನೆಯದು ಅನ್ನುವುದು ನಿಜ, ಆದರೆ 2021ರಲ್ಲಿ ವಿಜಯನಗರ ಬಂದು 31 ಆಯಿತು. ಯಾದಗಿರಿಯ ತಾಲ್ಲೂಕು ಮೂರು ಅನ್ನುವುದೂ ಹಳತು. ಗುರುಮಠಕಲ್, ವಡಗೇರಾ, ಹುಣಸಗಿ ಸೇರಿ ಆರಾಗಿವೆ. ವಡಗೇರಾದಲ್ಲಿ ಅತ್ತೆಯ ಮನೆ ಇರುವ ಯಾದಗಿರಿ ಹುಡುಗನಿಗೆ ಇದು ಸ್ವಂತದ ಅವಮಾನ.

“ನಮ್ಮ ಅತ್ತಿ ತಾಲ್ಲೂಕಿನ್ಯಾಗ ಇಲ್ಲ, ಆ್ಯಪಿನ್ಯಾಗೂ ಇಲ್ಲಂದ್ರ ಎಲ್ಲದಾಳ್ರಿ?”

ನನಗೆ ಹೆಚ್ಚು ರುಚಿಸಿದ್ದು ಸುರಪುರದ ಪ್ರಶ್ನೆ. ರಾಜಾ ವೆಂಕಟಪ್ಪ ನಾಯಕನ ಬಂಡಾಯ ಯಾವ ವರ್ಷ? ಆಯ್ಕೆಗಳು 1841, 1853, 1857, 1858. ಕೀ ಆನ್ಸರ್ 1857. ಸೊಸೆ ಸಿಡಿದೆದ್ದಳು. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡುತ್ತ ಬೆಳೆದವಳು ಅವಳು. ಸುರಪುರದ ಮೇಲೆ ಬ್ರಿಟಿಷರ ಸೈನ್ಯ ಬಂದು ಕಾದಾಟವಾದದ್ದು, ಕ್ಯಾಪ್ಟನ್ ನ್ಯೂಬೆರಿ ಸತ್ತದ್ದು 1858ರ ಫೆಬ್ರವರಿಯಲ್ಲಿ. ಹಾಗಾದರೆ 1841, 1853 ಎಲ್ಲಿಂದ ಬಂದವು? ಇದನ್ನು ಹುಡುಕಿಸಿದೆ. ಆ ಮಂಜಿಲಿಗೆ ಹೆಸರು ಕೊಟ್ಟ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸುರಪುರಕ್ಕೆ ಬಂದದ್ದು 1841ರಲ್ಲಿ. ಅರಸು ಎಳೆಯನಾಗಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡು 1853ರಲ್ಲಿ ಹೋದ. ಪ್ರಶ್ನೆ ತಯಾರಿಸಿದವನಿಗೆ ವಿಷಯ ಗೊತ್ತಿತ್ತು, ತಪ್ಪು ಆಯ್ಕೆಗಳನ್ನೂ ತಿಳಿದೇ ಆರಿಸಿದ್ದ. ಒಂದು ಪ್ರಶ್ನೆಯ ನಾಲ್ಕೂ ಆಯ್ಕೆ ಯಾಕೆ ಅಲ್ಲಿವೆ ಅಂತ ಹೇಳಬಲ್ಲವನಿಗೆ ಅದು ನಾಲ್ಕು ಪ್ರಶ್ನೆ ಓದಿದಷ್ಟು. ಉತ್ತರದ ವಿಷಯಕ್ಕೆ ಮಾತ್ರ ರಾಜಿ ಆಗಲಿಲ್ಲ. ಪುಸ್ತಕಗಳಲ್ಲಿ 1857-58 ಅಂತ ಜೋಡಿಸಿ ಬರೆಯುವುದೇ ಹೆಚ್ಚು. ‘ಪರೀಕ್ಷೆಯಲ್ಲಿ ಬಂದರೆ 1858, ಕೀ ಬೇರೆ ಬಂದರೆ ಆಕ್ಷೇಪಣೆ’ ಅಂತ ವಹಿಯಲ್ಲಿ ಬರೆದು ಸಹಿ ಹಾಕಿದಳು.

ನಾವು ಹೀಗೆ ಜಗಳವಾಡುತ್ತಿದ್ದ ಕಾಲದಲ್ಲೇ, ಆಗಸ್ಟ್ 27ರಂದು, ಕೆಪಿಎಸ್‌ಸಿಯ ಕೆಎಎಸ್ ಪೂರ್ವಭಾವಿ ಪರೀಕ್ಷೆ ನಡೆಯಿತು. ಪ್ರಶ್ನೆಗಳ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ ರಾಜ್ಯದ ತುಂಬ ಗದ್ದಲವೆದ್ದು, ಸರ್ಕಾರ ಮರುಪರೀಕ್ಷೆಗೆ ಹೇಳಿತು. ಡಿಸೆಂಬರ್ 29ರಂದು ಮತ್ತೆ ನಡೆಯಿತು. ನಮ್ಮ ಮೂವರಿಗೆ ಅದರಿಂದ ಒಂದು ಬುದ್ಧಿ ಬಂತು. ಕನ್ನಡ ಪ್ರಶ್ನೆ ತಲೆಬುಡ ತಿಳಿಯದಿದ್ದರೆ ಪಕ್ಕದ ಇಂಗ್ಲಿಷನ್ನು ಒಮ್ಮೆ ನೋಡುವುದು. ನನಗೆ ಇದು ಇಷ್ಟವಿಲ್ಲ. ಕನ್ನಡದಲ್ಲಿ ಓದಿದ ಮಕ್ಕಳು ಕನ್ನಡದ ಪ್ರಶ್ನೆ ತಿಳಿಯಲು ಇಂಗ್ಲಿಷಿಗೆ ಹೋಗಬೇಕಾದರೆ ನಾಚಿಕೆ ಯಾರಿಗೆ ಆಗಬೇಕು? ಆದರೂ ಅವರು ಮಾಡಿದರು, ನಾನು ಸುಮ್ಮನಿದ್ದೆ.

ಲೆಕ್ಕದ ಭಾಗ ಯಾದಗಿರಿ ಹುಡುಗನದು. ಉತ್ತರ ತುಂಬುವಾಗಲೇ ಪಕ್ಕದಲ್ಲಿ ಒಂದು ಗುರುತು ಹಾಕುವುದು ಅಂತ ಅವನೇ ಗೊತ್ತುಮಾಡಿದ. ಖಾತ್ರಿ ಇದ್ದರೆ ಖ, ಅರ್ಧ ಗೊತ್ತಿದ್ದರೆ ಅ, ಗಾಳಿಯಲ್ಲಿ ಹೊಡೆದದ್ದಾದರೆ ಗಾ. ಟೆಸ್ಟಾದ ಮೇಲೆ ಮೂರಕ್ಕೂ ಬೇರೆ ಬೇರೆ ಅಂಕ ಕೂಡಿಸುವುದು. ಶಹಾಪುರದವ ಒಂದನ್ನೂ ಬಿಡದೆ ತುಂಬುವವ, ಸೊಸೆ ಕಾಲು ಅಂಕಕ್ಕೆ ಹೆದರಿ ಇಪ್ಪತ್ತರಷ್ಟು ಖಾಲಿ ಬಿಡುವವಳು. ಇಬ್ಬರಲ್ಲಿ ಯಾರು ಸರಿ?

ಅವನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ. ಏನೂ ಗೊತ್ತಿಲ್ಲದ ಹದಿನಾರು ಪ್ರಶ್ನೆಗೆ ಕಣ್ಣುಮುಚ್ಚಿ ಹೊಡೆದರೆ ಸರಾಸರಿ ನಾಲ್ಕು ಸರಿ, ಹನ್ನೆರಡು ತಪ್ಪು. ನಾಲ್ಕು ಬಂತು, ಮೂರು ಹೋಯಿತು, ಉಳಿದದ್ದು ಒಂದು. ಒಂದು ಆಯ್ಕೆಯನ್ನು ಖಂಡಿತ ಅಲ್ಲ ಅಂತ ತೆಗೆದುಹಾಕಲು ಬಂದರೆ ಹನ್ನೆರಡು ಪ್ರಶ್ನೆಗೆ ಎರಡು ಅಂಕ ಉಳಿಯುತ್ತದೆ. ಎರಡು ಆಯ್ಕೆ ತೆಗೆಯಲು ಬಂದರೆ ಎಂಟು ಪ್ರಶ್ನೆಗೇ ಮೂರು. ರೈಲ್ವೆಯಲ್ಲಿ ಹೀಗಲ್ಲ, ಅಲ್ಲಿ ಮೂರನೇ ಒಂದು ಕಟ್. ಕಣ್ಣುಮುಚ್ಚಿ ಹೊಡೆದರೆ ಬಂದದ್ದೆಲ್ಲ ಹೋಗಿ ಸೊನ್ನೆ.

“ಅಂದ್ರ ನಂದೇ ಖರೆ” ಅಂತ ಶಹಾಪುರದವ ಎದೆ ಉಬ್ಬಿಸಿದ.

“ತಡಿ, ನಿನ್ನ ಗಾ ತೆಗಿ.”

ಅವನ ಗಾ ಗುರುತಿನವು ನಾಲ್ಕಕ್ಕೆ ಒಂದರಂತೆಯೂ ಸರಿ ಬಂದಿರಲಿಲ್ಲ, ಅದಕ್ಕಿಂತ ಕಡಿಮೆ. ಸರಾಸರಿಗೂ ಕೆಳಗೆ ಹೇಗಾಯಿತು? ಅವನು ಕಣ್ಣುಮುಚ್ಚಿ ಹೊಡೆಯುತ್ತಿರಲಿಲ್ಲ, ಎಲ್ಲೋ ಕೇಳಿದ ಹಾಗಿದೆ ಅನ್ನಿಸಿದ ಆಯ್ಕೆಗೆ ಹೊಡೆಯುತ್ತಿದ್ದ. ಪ್ರಶ್ನೆ ಮಾಡುವವರು ಕಾಯುವುದೂ ಅಂಥವರನ್ನೇ. 1841 ಇಟ್ಟದ್ದು ಅದಕ್ಕೇ, 1853 ಇಟ್ಟದ್ದು ಅದಕ್ಕೇ. ಇನ್ನೂ ಕೆಟ್ಟದ್ದು ಅವನ ಖ ಗುರುತಿನವು: ಖಾತ್ರಿ ಅಂತ ಬರೆದವುಗಳಲ್ಲಿ ಹಲವು ತಪ್ಪು. ಸೊಸೆಯದು ತದ್ವಿರುದ್ಧ. ಅವಳು ಹೆದರಿ ಬಿಟ್ಟಿದ್ದ ಅ ಗುರುತಿನವನ್ನು ಸುಮ್ಮನೆ ಬಾಯಲ್ಲಿ ಕೇಳಿದರೆ ಅರ್ಧಕ್ಕಿಂತ ಹೆಚ್ಚು ಸರಿ ಹೇಳುತ್ತಿದ್ದಳು. ಆ್ಯಪಿನ ರ್‍ಯಾಂಕ್ ಪಟ್ಟಿ ಇಬ್ಬರಿಗೂ ಒಂದೇ ಥರದ ಸಂಖ್ಯೆ ಕೊಡುತ್ತಿತ್ತು. ಒಬ್ಬನ ರೋಗ ಧೈರ್ಯ, ಇನ್ನೊಬ್ಬಳದು ಪುಕ್ಕಲು ಅಂತ ಅದರಲ್ಲಿ ತಿಳಿಯುವಂತಿರಲಿಲ್ಲ.

ಆ ಎರಡು ಪತ್ರಿಕೆಗಿಂತ ಮೊದಲು ಬರೆಯಬೇಕಿದ್ದ ಕಡ್ಡಾಯ ಕನ್ನಡ ಪರೀಕ್ಷೆ ಸೆಪ್ಟೆಂಬರ್ 29ಕ್ಕೆ ಮುಗಿಯಿತು, ಅದರ ಚಿಂತೆ ಯಾರಿಗೂ ಇರಲಿಲ್ಲ. ಅಕ್ಟೋಬರ್ ತುಂಬ ಭಾನುವಾರದ ಟೆಸ್ಟನ್ನು ನಿಜವಾದ ವೇಳೆಗೇ ಇಟ್ಟೆವು. ಬೆಳಿಗ್ಗೆ ಒಂದು, ಊಟವಾದ ಮೇಲೆ ಎರಡೂವರೆಗೆ ಇನ್ನೊಂದು. ರಾತ್ರಿ ಹನ್ನೊಂದಕ್ಕೆ ಟೆಸ್ಟು ಬರೆದು ರೂಢಿಯಾದವರಿಗೆ ಮಧ್ಯಾಹ್ನದ ಪತ್ರಿಕೆಯಲ್ಲಿ ರೆಪ್ಪೆ ಕೂಡಿಬರುತ್ತಿತ್ತು. ಜೋಳದ ರೊಟ್ಟಿ, ಪುಂಡಿಪಲ್ಯ ಹೊಟ್ಟೆತುಂಬ ಉಂಡು ಇಂಗ್ಲಿಷ್ ವ್ಯಾಕರಣ ಬಿಡಿಸುವುದು ಆಗದ ಮಾತು ಅಂತ ಗೊತ್ತಾಗಿ ಊಟದ ಲೆಕ್ಕವೂ ಬದಲಾಯಿತು. ಕಂಪ್ಯೂಟರ್ ಪ್ರಶ್ನೆಗಳಿಗೆ ಮಾತ್ರ ಫೋನು ಏನೂ ಸಹಾಯಕ್ಕೆ ಬರಲಿಲ್ಲ. ಕೀಬೋರ್ಡ್ ಮುಟ್ಟದೆ ಶಾರ್ಟ್‌ಕಟ್ ಕೀಗಳನ್ನು ಬಾಯಿಪಾಠ ಮಾಡಿದರೆ ಎಲ್ಲವೂ ಕಲಸಿಹೋಗುತ್ತವೆ. ಸೊಸೆ ಸುರಪುರದ ಟೈಪಿಂಗ್ ಕ್ಲಾಸೊಂದರಲ್ಲಿ ಸಂಜೆ ಹೊತ್ತು ಕೂತು ಬೆರಳಿನಿಂದಲೇ ಕಲಿತಳು.

ಓಣಿಯವರ ಮಾತು ಬೇರೆ ಇತ್ತು. “ಯಾರಿಗರ ರೊಕ್ಕ ಕೊಟ್ಟೀರೇನು?” ಅಂತ ಅಕ್ಕನ ಎದುರೇ ಕೇಳುತ್ತಿದ್ದರು. ಅವರನ್ನು ಬೈಯುವಂತೆಯೂ ಇರಲಿಲ್ಲ. ಹಿಂದಿನ ವರ್ಷ, 2023ರ ಅಕ್ಟೋಬರ್ 28ರಂದು, ನಿಗಮ ಮಂಡಳಿಗಳ ಎಫ್‌ಡಿಎ ಪರೀಕ್ಷೆಯಲ್ಲಿ ಬ್ಲೂಟೂತ್ ಇಟ್ಟುಕೊಂಡು ಸಿಕ್ಕಿಬಿದ್ದವರ ಸುದ್ದಿ ರಾಜ್ಯದ ತುಂಬ ಹರಡಿತ್ತು, ಮತ್ತು ಆ ಕೇಂದ್ರಗಳು ಇದ್ದದ್ದು ಕಲಬುರಗಿಯಲ್ಲಿ, ನಮ್ಮ ಯಾದಗಿರಿಯಲ್ಲಿ. ರಾತ್ರಿಯೆಲ್ಲ ಕಣ್ಣು ಕೆಂಪಗೆ ಮಾಡಿಕೊಂಡು ಓದಿದವರೂ ಅದರ ಮಸಿ ಹೊತ್ತು ತಿರುಗಬೇಕಾಯಿತು. ಸೊಸೆ ಉತ್ತರ ಕೊಡುವ ಗೋಜಿಗೆ ಹೋಗುತ್ತಿರಲಿಲ್ಲ. ಒಮ್ಮೆ ಮಾತ್ರ ಒಬ್ಬ ದೊಡ್ಡಪ್ಪನ ಮುಂದೆ ವಹಿ ಹಿಡಿದು “ಇದಕ್ಕ ಎಷ್ಟು ಕೊಡ್ತೀರಿ ದೊಡ್ಡಪ್ಪ?” ಅಂದಳಂತೆ.

ಅಕ್ಟೋಬರ್ 27, ಭಾನುವಾರ. ಕೇಂದ್ರ ಯಾದಗಿರಿಯಲ್ಲಿ. ಕಿವಿಯೋಲೆ ತೆಗೆಸಿ, ಕಿವಿಯೊಳಗೂ ಇಣುಕಿ ನೋಡಿ ಒಳಗೆ ಬಿಟ್ಟರು. ನಾನು ಗೇಟಿನ ಹೊರಗೆ ಉಳಿದ ತಂದೆತಾಯಿಗಳ ಜೊತೆ ಬೇವಿನ ನೆರಳು ಹುಡುಕಿಕೊಂಡು ಕೂತೆ. ಸಂಜೆ ಮೂವರೂ ಹೊರಗೆ ಬಂದಾಗ ಹೇಗಾಯಿತು ಅಂತ ಕೇಳಲು ನನಗೆ ಬಾಯಿ ಬರಲಿಲ್ಲ. ಅವರಾಗಿಯೇ ಸ್ಟೇಷನ್ ಹತ್ತಿರ ಚಾ ಅಂಗಡಿಯಲ್ಲಿ ಕೂತು ಪ್ರಶ್ನೆಪತ್ರಿಕೆ ಹರವಿ ತಕರಾರು ಶುರು ಮಾಡಿದರು.

ಮುಂದಿನ ವರ್ಷ ಪಟ್ಟಿ ಬಂತು. ಆಯ್ಕೆಯಾದವನು ಶಹಾಪುರದ ಹುಡುಗ. ಕೊನೆಯ ವಾರಗಳಲ್ಲಿ ಅವನ ಗಾ ಗುರುತು ಬಹಳ ಇಳಿದಿತ್ತು ಅನ್ನುವುದು ವಹಿಯಲ್ಲೇ ಇದೆ. ಸೊಸೆ ಸ್ವಲ್ಪದರಲ್ಲಿ ತಪ್ಪಿದಳು. ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ಮೂರನೆಯ ದಿನ ತನ್ನ ಓಎಂಆರ್ ಪ್ರತಿ ತೆಗೆದು, ಖಾಲಿ ಬಿಟ್ಟಿದ್ದ ಪ್ರಶ್ನೆಗಳನ್ನೆಲ್ಲ ಒಂದೊಂದಾಗಿ ನೋಡುತ್ತ ಹೋದಳು. ಎರಡು ಆಯ್ಕೆ ತೆಗೆದು ಇನ್ನೆರಡರ ನಡುವೆ ನಿಂತುಬಿಟ್ಟಿದ್ದವು ಎಷ್ಟೋ ಇದ್ದವು. ಅಲ್ಲಿ ಧೈರ್ಯ ಮಾಡಿದ್ದರೆ ಪಟ್ಟಿಯಲ್ಲಿ ಇರುತ್ತಿದ್ದಳೇನೋ. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ, ಅವಳೇ ಹೇಳಿದಳು.

ಈಗ ಅವಳೂ ಯಾದಗಿರಿ ಹುಡುಗನ ಜೊತೆ ರೈಲ್ವೆಯ ಎನ್‌ಟಿಪಿಸಿಗೆ ಓದುತ್ತಿದ್ದಾಳೆ. ನೂರು ಪ್ರಶ್ನೆ, ತೊಂಬತ್ತು ನಿಮಿಷ, ಪರೀಕ್ಷೆಯೇ ಕಂಪ್ಯೂಟರಿನ ಮುಂದೆ. ರೈಲ್ವೆಯವರೇ ಅಣಕು ಪರೀಕ್ಷೆಯ ಲಿಂಕು ಕೊಡುತ್ತಾರೆ, ಪರದೆ ನಿಜವಾದದ್ದರ ಹಾಗೆಯೇ. ಓಎಂಆರ್ ಹಾಳೆಗಳ ಉಳಿದ ಕಟ್ಟು ಗೆಳೆಯರ ಮೊಮ್ಮಗಳ ಚಿತ್ರ ಬಿಡಿಸುವ ಕೆಲಸಕ್ಕೆ ಬಿದ್ದಿದೆ. ಮೊನ್ನೆ ಅವರಿಬ್ಬರ ಮಧ್ಯೆ ಮತ್ತೆ ಜಗಳ ನಡೆದಿತ್ತು. ಎರಡು ಆಯ್ಕೆಯ ನಡುವೆ ನಿಂತರೆ ಹೊಡೆಯಬೇಕು ಅಂತ ಅವಳು, ಇಲ್ಲಿ ಕಟ್ ಆಗುವುದು ಮೂರನೇ ಒಂದು, ಜ್ವಾಕಿ ಅಂತ ಅವನು.

“ಆರು ಪ್ರಶ್ನಿ ತೊಗೋ” ಅಂದಳು. “ಮೂರು ಖರೆ, ಮೂರು ತಪ್ಪು. ಮೂರು ಬಂತು, ಒಂದು ಹೋತು. ಎರಡು ಉಳೀತಿಲ್ಲೋ?”

ಅವನು ಬೆರಳೆಣಿಸಿದ. “ಉಳೀತು.”

“ಹಂಗಾರ ಬರಿ ವಹಿನ್ಯಾಗ.”